ಕೋಟ್ ಮಾರ್ಕ್ ಜಗಳಕ್ಕೆ ಮನುಷ್ಯರು ಯಾಕೆ?

*ಓದುಗರ ಪ್ರಶ್ನೆ, ತಜ್ಞರ ಉತ್ತರ*

ಪ್ರಶ್ನೆ: ಕೋಡಿನ ಸಾಲಿನ ಆರಂಭದಲ್ಲಿ ಜಾಗ ಬಿಡೋಕೆ ಟ್ಯಾಬ್ ಒಳ್ಳೆಯದಾ, ಸ್ಪೇಸ್ ಒಳ್ಳೆಯದಾ? (ಬಳ್ಳಾರಿ)

ಪೈಥಾನ್ ಆದರೆ ನಾಲ್ಕು ಸ್ಪೇಸ್. ಪೈಥಾನ್ ಬರೆಯುವ ಶೈಲಿಯ ಅಧಿಕೃತ ಕೈಪಿಡಿ ಪೆಪ್ 8ರಲ್ಲಿ 2001ರಿಂದ ಬರೆದಿದೆ. ದಯವಿಟ್ಟು ಇದನ್ನು ಮತ್ತೆ ಕೇಳಬೇಡಿ.

ಪ್ರಶ್ನೆ: ನಮ್ಮದು ಆರು ಜನರ ಪೈಥಾನ್ ತಂಡ. ರಿವ್ಯೂನಲ್ಲಿ (ಒಬ್ಬರ ಕೋಡನ್ನು ಇನ್ನೊಬ್ಬರು ನೋಡುವಾಗ) ಬರೀ ಸ್ಪೇಸ್, ಕೋಟ್ ಮಾರ್ಕ್ ಒಂಟಿಯೋ ಜೋಡಿಯೋ ಅನ್ನೋ ಕಮೆಂಟುಗಳೇ. ಅದಕ್ಕೇ ಲಿಂಟರ್ (ಕೋಡ್ ಓದಿ ತಪ್ಪು ತೋರಿಸುವ ಟೂಲ್) ಹಾಕಿದೆವು. ಹಳೇ ಕೋಡಿನಲ್ಲಿ ಸಾವಿರಾರು ತಪ್ಪು ತೋರಿಸಿತು. ಈಗ ಏನೂ ಮರ್ಜ್ (ಮುಖ್ಯ ಕೋಡಿಗೆ ಸೇರ್ಪಡೆ) ಆಗುತ್ತಿಲ್ಲ. ಸೀನಿಯರುಗಳು ತೆಗೆದುಬಿಡಿ ಅನ್ನುತ್ತಾರೆ. (ರಾಯಚೂರು)

ತೆಗೆಯಬೇಡಿ. ಟೂಲಿನದು ತಪ್ಪಿಲ್ಲ, ನೀವು ಹಾಕಿದ ಕ್ರಮ ತಪ್ಪು.

ಮೊದಲು ಫಾರ್ಮ್ಯಾಟರ್ (ಕೋಡಿನ ಸ್ಪೇಸ್, ಕೋಟ್ ಮಾರ್ಕುಗಳನ್ನು ತಾನೇ ಒಂದೇ ಥರ ಜೋಡಿಸುವ ಟೂಲ್), ಆಮೇಲೆ ಲಿಂಟರ್. ಬ್ಲ್ಯಾಕ್ ಅಂತ ಪೈಥಾನ್ ಫಾರ್ಮ್ಯಾಟರ್ ಇದೆಯಲ್ಲ, ಅದನ್ನೇ ಹಾಕಿ. ಸಾಲಿಗೆ 88 ಅಕ್ಷರ ಅಂತ ಅದೇ ನಿರ್ಧರಿಸಿದೆ. ಬದಲಾಯಿಸೋಕೆ ಜಾಸ್ತಿ ಆಯ್ಕೆ ಕೊಟ್ಟಿಲ್ಲ, ಹಾಗಾಗಿ ಜಗಳಕ್ಕೂ ಜಾಗವಿಲ್ಲ. ಬಾಕಿ ಇರುವ ಬ್ರಾಂಚುಗಳನ್ನೆಲ್ಲ (ಪ್ರತ್ಯೇಕವಾಗಿ ಬರೆಯುತ್ತಿರುವ ಕೋಡಿನ ಪ್ರತಿಗಳನ್ನು) ಮೊದಲು ಮರ್ಜ್ ಮಾಡಿಸಿ. ಒಂದು ಸಂಜೆ ಎಲ್ಲರೂ ಕೈ ನಿಲ್ಲಿಸಿ, ಇಡೀ ಕೋಡಿನ ಮೇಲೆ ಅದನ್ನು ಓಡಿಸಿ, ಒಂದೇ ಕಮಿಟ್ (ಕೋಡಿನ ಇತಿಹಾಸ ಇಡುವ ಗಿಟ್‌ನಲ್ಲಿ ಒಂದು ದಾಖಲೆ) ಮಾಡಿ. ಆ ಕಮಿಟ್‌ನಲ್ಲಿ ಬೇರೆ ಒಂದು ಸಾಲೂ ಇರಕೂಡದು. 'ಹೇಗೂ ಮುಟ್ಟಿದ್ದೀವಲ್ಲ, ಈ ಚಿಕ್ಕ ಬಗ್ಗೂ ಸರಿಮಾಡೋಣ' ಅಂತ ಯಾರಾದರೂ ಅಂದರೆ ಬಿಡಬೇಡಿ. ಬದಲಾದ ಐದು ಸಾವಿರ ಸಾಲುಗಳನ್ನು ತೋರಿಸುವ ಡಿಫ್‌ನಲ್ಲಿ ಆ ಬದಲಾವಣೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ಆ ಕಮಿಟ್ ನಂಬರನ್ನು ಒಂದು ಫೈಲಿನಲ್ಲಿ ಬರೆದು, ಯಾವ ಸಾಲು ಯಾರು ಬದಲಿಸಿದರು ಅಂತ ತೋರಿಸುವ ಗಿಟ್ ಬ್ಲೇಮ್‌ಗೆ ಇದನ್ನು ಬಿಟ್ಟು ನೋಡು ಅಂತ ಹೇಳಿಡಿ. ಗಿಟ್ 2.23ರಿಂದ ಈ ಸೌಲಭ್ಯ ಇದೆ. ಹೇಳದಿದ್ದರೆ ಬದಲಾದ ಪ್ರತಿ ಸಾಲಿಗೂ ಫಾರ್ಮ್ಯಾಟರ್ ಓಡಿಸಿದವರ ಹೆಸರೇ ಬರುತ್ತದೆ. ಯಾವ ಸಾಲು ಯಾರು, ಯಾಕೆ ಬರೆದರು ಅಂತ ಹುಡುಕೋದು ಕಷ್ಟವಾಗುತ್ತದೆ.

ಲಿಂಟರ್‌ನಲ್ಲಿ ಮೊದಲ ದಿನ ಮೂರೇ ನಿಯಮ ಸಾಕು: ಬಳಸದ ಇಂಪೋರ್ಟ್, ಎಲ್ಲೂ ಹೇಳದ ವೇರಿಯಬಲ್, ಪ್ಯಾರಾಮೀಟರಿಗೆ ಡಿಫಾಲ್ಟ್ ಆಗಿ ಖಾಲಿ ಲಿಸ್ಟ್ ಇಟ್ಟಿರುವ ಫಂಕ್ಷನ್. ಇವು ನಿಜವಾದ ಬಗ್ ಹಿಡಿಯುತ್ತವೆ. ಉಳಿದವನ್ನು ಒಂದೊಂದಾಗಿ ಸೇರಿಸಿ. ಎಲ್ಲರ ಲ್ಯಾಪ್‌ಟಾಪಿನಲ್ಲೂ ಸರ್ವರಿನಲ್ಲೂ ಟೂಲಿನ ಆವೃತ್ತಿ ಒಂದೇ ಇರಲಿ.

ನಾನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಗಂಗಾವತಿ ಕಡೆಯ ಒಂದು ರೈಸ್ ಮಿಲ್ಲಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಒಬ್ಬ ಹೊಸ ಹುಡುಗನ ಕೋಡ್ ರಿವ್ಯೂ ಮಾಡಿ ಇಪ್ಪತ್ತಕ್ಕೂ ಹೆಚ್ಚು ಕಮೆಂಟ್ ಹಾಕಿದೆ. ಎಲ್ಲಾ ಕೋಟ್ ಮಾರ್ಕ್, ಖಾಲಿ ಸಾಲಿನವು. ಪಾಪ, ಎಲ್ಲವನ್ನೂ ತಿದ್ದಿದ. ನಾನು ಅಪ್ರೂವ್ ಮಾಡಿದೆ. ಅದರಲ್ಲೇ ಲಾರಿಗಳನ್ನು ಎಣಿಸುವ ಲೂಪ್ ಇತ್ತು: ರೇಂಜ್ 1ರಿಂದ ಎನ್ (ಎನ್ ಅಂದರೆ ಅವತ್ತಿನ ಲಾರಿಗಳ ಸಂಖ್ಯೆ). ಪೈಥಾನ್‌ನಲ್ಲಿ ರೇಂಜಿನ ಕೊನೆಯ ಅಂಕಿ ಸೇರುವುದಿಲ್ಲ ಅಲ್ವಾ? ದಿನಾ ಕೊನೆಯ ಲಾರಿ ಲೆಕ್ಕಕ್ಕೇ ಬರಲಿಲ್ಲ. ಮಿಲ್ಲಿನ ಗುಮಾಸ್ತರು ತೂಕದ ಚೀಟಿಗಳನ್ನು ಒಂದೊಂದೇ ಇಟ್ಟು ತಾಳೆ ನೋಡಿ ನಮಗೆ ಫೋನ್ ಮಾಡಿದರು. ಯಾವ ಲಿಂಟರೂ ಅದನ್ನು ಹಿಡಿಯುತ್ತಿರಲಿಲ್ಲ, ಅದು ನನ್ನ ಕೆಲಸವಾಗಿತ್ತು. ನನ್ನ ಕಣ್ಣು ಅಷ್ಟರಲ್ಲಿ ಕೋಟ್ ಮಾರ್ಕ್ ನೋಡಿ ದಣಿದಿತ್ತು.

ಅದಕ್ಕೇ ನಮ್ಮಲ್ಲಿ ಈಗ ಒಂದೇ ಕಟ್ಟಳೆ: ಮಷೀನು ಹೇಳಬಹುದಾದ ಮಾತನ್ನು ಮನುಷ್ಯರು ರಿವ್ಯೂನಲ್ಲಿ ಬರೆಯುವಂತಿಲ್ಲ. ನಿಯಮ ಬೇಕೆನಿಸಿದರೆ ಟೂಲಿಗೆ ಸೇರಿಸಿ, ಇಲ್ಲವೇ ಸುಮ್ನಿರಿ.

ಪ್ರಶ್ನೆ: ಕೋಡಿಗೆ ಅಂಕ ಕೊಡುವ ಲಿಂಟರ್ ಪೈಲಿಂಟ್‌ನಲ್ಲಿ 10ಕ್ಕೆ 10 ಬಂದರೆ ಕೋಡಿನಲ್ಲಿ ಬಗ್ ಇಲ್ಲ ಅಂತ ನಮ್ಮ ಕೋಚಿಂಗ್ ಸೆಂಟರಿನಲ್ಲಿ ಹೇಳಿಕೊಡುತ್ತಾರೆ. ನಿಜವೇ? (ಕೊಪ್ಪಳ)

ಸುಳ್ಳು. ಮೇಲಿನ ಲಾರಿ ಲೂಪಿಗೂ 10 ಬರಬಹುದು. ಎಚ್ಚರಿಕೆ ಬಂದ ಸಾಲಿನ ಪಕ್ಕ 'ಡಿಸೇಬಲ್' ಅಂತ ಬರೆದು ಅಂಕ ಏರಿಸುವುದನ್ನೂ ಕಲಿಸುತ್ತಾರೆ ಅಂತ ಕೇಳಿದ್ದೇನೆ. ದುಡ್ಡು ತಗೊಂಡು ಮಕ್ಕಳಿಗೆ ಇದನ್ನು ಕಲಿಸುವುದು ಮೋಸ. ಆ ದುಡ್ಡು ಉಳಿಸಿ, ಟೆಸ್ಟ್ ಬರೆಯೋದು ಕಲಿಯಿರಿ.