ಬಲಮುರಿಯಲ್ಲಿ ಮಕ್ಕಳನ್ನು ಕಾವೇರಿ ಹೊಳೆಯ ನೀರಿಗೆ ಇಳಿಸಬಹುದಾ? ಕುಡಿಯೋಕೆ ಕ್ಲೋರಿನ್ ಮಾತ್ರೆ ಸಾಕಾ?

ನೀರು ತಿಳಿಯಾಗಿದೆ, ಹರಿಯುತ್ತಿದೆ, ಮಾತ್ರೆಯೂ ಇದೆ ಅಂತೀರಿ. ನಾನೂ ನಿಮ್ಮ ಹಾಗೆ ಬಾಯಿಯೊಂದನ್ನೇ ಕಾಯ್ದುಕೊಂಡಿದ್ದೆ.

ದೊಡ್ಡಪ್ಪನ ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೆ ಹೋಗಿದ್ದೆವು. ಮಳೆ ಶುರುವಾಗಿತ್ತು. ತೀರ್ಥವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ, ತಲೆಗೆ ಚಿಮುಕಿಸಿಕೊಂಡೆ. ಆದರೆ ಒಡೆದ ಹಿಮ್ಮಡಿ ಇಟ್ಟುಕೊಂಡು ಮಂಡಿಯುದ್ದ ನೀರಿನಲ್ಲಿ ತುಂಬಾ ಹೊತ್ತು ನಿಂತಿದ್ದೆ.

ವಾರ ಕಳೆದ ಮೇಲೆ ಚಳಿಜ್ವರ. ಮೀನಖಂಡ ಮುಟ್ಟಿದರೆ ಜೀವ ಹೋಗುವಷ್ಟು ನೋವು. ಕಣ್ಣು ಕೆಂಪು. ಹೊರಗೆ ಏನಾದರೂ ತಿಂದಿರಾ, ನೀರು ಕುಡಿದಿರಾ ಅಂತ ಡಾಕ್ಟರ್ ಕೇಳಿದರು. ಇಲ್ಲ ಅಂದೆ. ನಿಜವೇ. ಹೊಳೆಗೆ ಇಳಿದದ್ದು ಮಾತ್ರ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಕುಡಿಯದ ನೀರು ಏನು ಮಾಡುತ್ತದೆ, ಅದೂ ಹೋದ ವಾರದ್ದು ಅಂತ. ಸಾಲದ್ದಕ್ಕೆ ಕಾಲು ನೋವು ತಿಥಿಯ ಓಡಾಟಕ್ಕೆ, ಕಣ್ಣು ಕೆಂಪಾದದ್ದು ನಿದ್ದೆಗೆಟ್ಟು ಅಂತ ನಾನೇ ಕಾರಣ ಕೊಟ್ಟೆ. ಅವರಿಗಿದ್ದ ಎರಡು ಸುಳಿವನ್ನೂ ನಾನೇ ಅಳಿಸಿದೆ! ವೈರಲ್ ಜ್ವರ ಅಂತ ಮಾತ್ರೆ ಬರೆದರು. ಕಣ್ಣು ಹಳದಿಯಾದಾಗ ಕಾಮಾಲೆ ಅಂದುಕೊಂಡು ಮನೆಯಲ್ಲಿ ಬೇರಿನ ಔಷಧಿ ಕುಡಿಸಿದರು. ಇನ್ನಷ್ಟು ದಿನ ಹಾಳು. ಮೂತ್ರ ಕಡಿಮೆಯಾಗಿ ಮೈಸೂರಿನಲ್ಲಿ ಅಡ್ಮಿಟ್ ಆದಾಗ ಅಲ್ಲಿನ ಡಾಕ್ಟರಮ್ಮ ಮೊದಲು ಕೇಳಿದ್ದೇ, "ಗದ್ದೆ, ನಾಲೆ, ಹೊಳೆ ಎಲ್ಲಾದರೂ ಇಳಿದಿದ್ದಿರಾ?" ಅಂತ.

ಇಲಿ ಜ್ವರ. ಬೇಗ ಗೊತ್ತಾಗಿದ್ದರೆ ಡಾಕ್ಸಿಸೈಕ್ಲಿನ್ ಮಾತ್ರೆಯಲ್ಲೇ ಮುಗಿಯಬಹುದಿತ್ತೇನೋ. ಪೆನಿಸಿಲಿನ್ ಇಂಜೆಕ್ಷನ್, ಡಯಾಲಿಸಿಸ್ ತನಕ ಹೋಯಿತು.

ಇದರ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ. ಇಲಿಯದ್ದು ಮಾತ್ರ ಅಲ್ಲ, ದನ, ನಾಯಿ, ಹಂದಿಯ ಮೂತ್ರದಲ್ಲೂ ಇರಬಹುದು. ಒದ್ದೆ ಮಣ್ಣಿನಲ್ಲಿ, ನೀರಿನಲ್ಲಿ ವಾರಗಟ್ಟಲೆ ಬದುಕುತ್ತದೆ. ಮಳೆ ಬಂದರೆ ಗದ್ದೆ, ಚರಂಡಿಯದ್ದೆಲ್ಲ ಕೊಚ್ಚಿಕೊಂಡು ಹೊಳೆಗೇ ಬರುತ್ತದೆ ಅಲ್ವಾ? ಒಡೆದ ಚರ್ಮ, ಗಾಯ, ಕಣ್ಣು, ಮೂಗು, ಎಲ್ಲಿಂದ ಬೇಕಾದರೂ ಒಳಗೆ ಹೋಗುತ್ತದೆ. ಜ್ವರ ಬರಲು 2ರಿಂದ 30 ದಿನ.

ಸ್ನಾನದ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆಯೊಂದಿದೆ: 100 ಮಿ.ಲೀ.ಗೆ ಮಲದಿಂದ ಬರುವ ಕೋಲಿಫಾರ್ಮ್ ಬ್ಯಾಕ್ಟೀರಿಯಾ 500ರೊಳಗಿದ್ದರೆ ಒಳ್ಳೆಯದು, 2500 ದಾಟಲೇಬಾರದು. ಅದನ್ನು ಲ್ಯಾಬಿನಲ್ಲಿ ಎಣಿಸಬೇಕು, ದಡದಲ್ಲಿ ನಿಂತು ಕಣ್ಣಳತೆಯಲ್ಲಿ ಹೇಳುವುದಲ್ಲ. ಇನ್ನು ಆ ಲೆಕ್ಕದಲ್ಲಿ ಲೆಪ್ಟೊಸ್ಪೈರಾ ಬರುವುದೇ ಇಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ದಾರಿ ತಪ್ಪಿದೆ. ಕ್ಲೋರಿನ್ ಮಾತ್ರೆ ಕುಡಿಯುವ ನೀರಿಗೆ, ಕಾಲಿಗಲ್ಲ. ಕುಡಿಯೋಕೂ ಪೂರ್ತಿ ನಂಬಬೇಡಿ, ಭೇದಿ ತರಿಸುವ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಪರೋಪಜೀವಿ ಅದಕ್ಕೆ ಜಗ್ಗುವುದಿಲ್ಲ. ಕುದಿಸಿದ ನೀರನ್ನು ಮನೆಯಿಂದಲೇ ತನ್ನಿ. ಮಳೆಗಾಲದಲ್ಲಿ ಮಕ್ಕಳನ್ನು ಇಳಿಸಲೇಬೇಡಿ. ತರಚದ ಮಂಡಿ ಇರುವ ಮಗು ಎಲ್ಲಿದೆ? (ಸುಳಿಯ ಭಯ ಬೇರೆ.)

ಇಷ್ಟು ಹೇಳಿದರೂ ಇಳಿದೇ ಇಳಿಯುತ್ತೀರಾದರೆ ತಾರೀಕು ಮೊಬೈಲಿನಲ್ಲಿ ಬರೆದಿಡಿ. ತಿಂಗಳೊಳಗೆ ಯಾರಿಗಾದರೂ ಜ್ವರ ಬಂದರೆ, ಡಾಕ್ಟರ್ ಕೇಳುವ ಮೊದಲೇ "ಹೊಳೆಗೆ ಇಳಿದಿದ್ದೆವು" ಅನ್ನಿ.