ಏಳು ವರ್ಷದ ಮಗಳೊಂದಿಗೆ ಬೋಟ್ಸ್ವಾನಾದ ಬೇಲಿಯಿಲ್ಲದ ಕಾಡಿನಲ್ಲಿ ಟೆಂಟ್ ಹಾಕಿ ತಂಗಬಹುದೇ?

ನಾಗರಹೊಳೆ ಮತ್ತು ಕಬಿನಿಯ ಜೀಪ್ ಸಫಾರಿಗಳ ಅನುಭವವಿರುವ ನೀವು, ಮುಂದಿನ ವರ್ಷ ಪತಿ ಹಾಗೂ ಏಳು ವರ್ಷದ ಮಗಳೊಂದಿಗೆ ಬೋಟ್ಸ್ವಾನಾಕ್ಕೆ ಹೋಗಿ, ಬಾಡಿಗೆ ವಾಹನವನ್ನು ನೀವೇ ಓಡಿಸಿಕೊಂಡು ಬೇಲಿಯಿಲ್ಲದ ಕ್ಯಾಂಪುಗಳಲ್ಲಿ ತಂಗುವುದು ಸುರಕ್ಷಿತವೇ, ಯಾವ ತಿಂಗಳು ಸೂಕ್ತ, ಸಸ್ಯಾಹಾರಿಗಳ ಊಟದ ಗತಿಯೇನು ಎಂದು ಕೇಳಿದ್ದೀರಿ. ನೌಕರಿಯ ಕಾರಣದಿಂದ ಕೆಲವು ವರ್ಷ ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನ್‌ನಲ್ಲಿದ್ದು, ರಜೆ ಸಿಕ್ಕಾಗಲೆಲ್ಲ ಉತ್ತರದ ಕಾಡುಗಳಿಗೆ ಹೋಗಿಬರುತ್ತಿದ್ದವನು ನಾನು. ಮುಚ್ಚಿದ ಟೆಂಟಿನೊಳಗೆ ಮಲಗುವುದು ನೀವು ಹೆದರಿರುವಷ್ಟು ಅಪಾಯದ ಕೆಲಸವಲ್ಲ. ಆದರೆ ಕತ್ತಲಾದ ಮೇಲೆ ಟೆಂಟಿನ ಹೊರಗೆ ಪುಟ್ಟ ಮಗುವನ್ನು ಕಾಯುವುದು ನೀವು ಎಣಿಸಿರುವುದಕ್ಕಿಂತ ಕಷ್ಟ. ಆದ್ದರಿಂದ ಖಂಡಿತ ಹೋಗಿ, ಆದರೆ ಮೊದಲ ಸಲ ನೀವೇ ವಾಹನ ಓಡಿಸಿಕೊಂಡು ಹೋಗಬೇಡಿ ಎಂಬುದು ನನ್ನ ಸಲಹೆ.

ಮೊದಲು ಆ ಕ್ಯಾಂಪುಗಳು ಹೇಗಿರುತ್ತವೆ ಎಂಬುದನ್ನು ಹೇಳುತ್ತೇನೆ. ನಮ್ಮಲ್ಲಿ ಸಂಜೆಯಾಗುತ್ತಿದ್ದಂತೆ ಸಫಾರಿಯ ಜೀಪು ಗೇಟಿನಿಂದ ಹೊರಗೆ ಬಂದುಬಿಡಬೇಕು, ರಾತ್ರಿಯ ಕಾಡು ಪ್ರಾಣಿಗಳದ್ದು. ಉತ್ತರ ಬೋಟ್ಸ್ವಾನಾದ ಕಾಡುಗಳಾದ ಮೊರೆಮಿ, ಸವೂಟಿಗಳಲ್ಲಿ ಸಂಜೆಯಾದರೆ ವಾಹನ ಓಡಿಸುವುದನ್ನು ನಿಲ್ಲಿಸಿ ಕಾಡಿನ ಒಳಗೇ ಉಳಿಯಬೇಕು. ದೊಡ್ಡ ಮರಗಳ ಕೆಳಗೆ ನಂಬರು ಹಾಕಿದ ಜಾಗ, ಬೆಂಕಿ ಹಾಕಲು ಒಂದು ಗುಂಡಿ, ಸ್ವಲ್ಪ ದೂರದಲ್ಲಿ ಸ್ನಾನ ಮತ್ತು ಶೌಚದ ಕಟ್ಟಡ, ಇಷ್ಟೇ ಕ್ಯಾಂಪು. ತಂತಿಯೂ ಇಲ್ಲ, ಕಂದಕವೂ ಇಲ್ಲ. ಸವೂಟಿಯಲ್ಲಿ ನೀರಿಗಾಗಿ ಆನೆಗಳು ನಲ್ಲಿ, ಪೈಪುಗಳನ್ನು ಕಿತ್ತುಹಾಕುತ್ತಿದ್ದುದರಿಂದ ಸ್ನಾನದ ಕಟ್ಟಡದ ಸುತ್ತ ಆನೆ ನುಗ್ಗಲಾರದಂಥ ಗೋಡೆ ಕಟ್ಟಿದ್ದಾರೆ. ಬಚ್ಚಲಿಗೆ ಸಿಕ್ಕಿರುವ ಆ ರಕ್ಷಣೆ ಮಲಗುವವರಿಗೆ ಇಲ್ಲ.

ಹಾಗಿದ್ದರೂ ಜನ ಅಲ್ಲಿ ನೆಮ್ಮದಿಯಿಂದ ನಿದ್ದೆ ಮಾಡಿ ಎದ್ದುಬರುವುದು ಹೇಗೆಂದರೆ, ಎಲ್ಲ ಕಡೆ ಮುಚ್ಚಿದ ಟೆಂಟನ್ನು ಸಿಂಹವಾಗಲಿ ಚಿರತೆಯಾಗಲಿ ಬೇಟೆಯೆಂದು ಭಾವಿಸುವುದಿಲ್ಲ. ಅವುಗಳ ಮಟ್ಟಿಗೆ ಅದು ಬಂಡೆಯಂಥ, ಪೊದೆಯಂಥ ಒಂದು ಗಟ್ಟಿ ವಸ್ತು; ಮೂಸಿ, ಬದಿಯಲ್ಲಿ ಸುತ್ತು ಹಾಕಿ ಮುಂದೆ ಹೋಗುತ್ತವೆ. ಕೇಳಿಬರುವ ಅನಾಹುತಗಳು ಹೆಚ್ಚಾಗಿ ಸೆಕೆಯೆಂದು ಬಾಗಿಲು ತೆರೆದು ಮಲಗಿದವರ, ಬಯಲಿನಲ್ಲಿ ಹಾಸಿಕೊಂಡವರ, ಇಲ್ಲವೇ ರಾತ್ರಿ ಒಬ್ಬರೇ ಎದ್ದು ನಡೆದವರ ಕಥೆಗಳು. ಬೋಟ್ಸ್ವಾನಾದಲ್ಲಿ ಸುಮಾರು 1,30,000 ಆನೆಗಳಿವೆ, ಜಗತ್ತಿನ ಬೇರೆ ಯಾವ ದೇಶದಲ್ಲೂ ಅಷ್ಟಿಲ್ಲ. ಆದ್ದರಿಂದ ನಿಮ್ಮ ಟೆಂಟಿನ ಪಕ್ಕ ರಾತ್ರಿ ಆನೆ ಬರುವ ಸಾಧ್ಯತೆ ಸಾಕಷ್ಟು ಹೆಚ್ಚು. ಕೊಡಗು, ಸಕಲೇಶಪುರದ ತೋಟಗಳಲ್ಲಿ ಪಟಾಕಿ ಮತ್ತು ಕೂಗಾಟಕ್ಕೆ ರೋಸಿಹೋದ ಆನೆಗಳನ್ನು ಕಂಡವರಿಗೆ ಇದು ಭಯ ಹುಟ್ಟಿಸುವುದು ಸಹಜ. ಆದರೆ ಕ್ಯಾಂಪಿಗೆ ಬಂದುಹೋಗುವ ಅಲ್ಲಿನ ಆನೆಗಳು ಜನರ ನಡುವೆಯೇ ಬೆಳೆದಂಥವು, ಹಗ್ಗಕ್ಕೂ ಕಾಲು ತಗುಲದಂತೆ ನಡೆದುಹೋಗುತ್ತವೆ. ಕಾಯಿ ಉದುರುತ್ತಿರುವ ಮರದ ಕೆಳಗೆ ಟೆಂಟ್ ಹಾಕದಿರುವುದು, ಆನೆ ಬಂದಾಗ ಟಾರ್ಚ್ ಬಿಡದೆ, ಮಾತಾಡದೆ ಒಳಗೇ ಇರುವುದು, ಇಷ್ಟು ಮಾಡಿದರೆ ಸಾಕು. ನೀರಾನೆಗಳು ಹಗಲೆಲ್ಲ ನೀರಿನಲ್ಲಿದ್ದು ರಾತ್ರಿ ಹುಲ್ಲು ಮೇಯಲು ದಡಕ್ಕೆ ಬರುತ್ತವೆ. ಅವು ನಡೆದು ಸವೆದ ದಾರಿಯ ಮೇಲೆ ಟೆಂಟ್ ಹಾಕಬಾರದು. ಅವುಗಳಿಗೂ ನೀರಿಗೂ ನಡುವೆ ಎಂದಿಗೂ ನಿಲ್ಲಬಾರದು.

ಮಗುವಿರುವವರು ನಿಜವಾಗಿ ಚಿಂತಿಸಬೇಕಾದದ್ದು ಚುಕ್ಕೆ ಕತ್ತೆಕಿರುಬದ ಬಗ್ಗೆ. ಕ್ಯಾಂಪುಗಳ ಸುತ್ತ ಸದಾ ಸುಳಿಯುವ ಈ ಪ್ರಾಣಿ ಚಪ್ಪಲಿ, ಪಾತ್ರೆ, ತಿಂಡಿಯ ಪೆಟ್ಟಿಗೆ ಏನು ಸಿಕ್ಕರೂ ಎತ್ತಿಕೊಂಡು ಹೋಗುತ್ತದೆ. ನಿಂತಿರುವ ದೊಡ್ಡವರನ್ನು ಕಂಡರೆ ಅದಕ್ಕೆ ಅಳುಕು. ಓಡಾಡುವ ಚಿಕ್ಕ ಮಗುವನ್ನು ಕಂಡರೆ ಆ ಅಳುಕು ಇರುತ್ತದೆಂಬ ಭರವಸೆಯಿಲ್ಲ. ಸೂರ್ಯ ಮುಳುಗಿದ ಮೇಲೆ ಮಗಳು ನಿಮ್ಮ ಕೈಯಳತೆಯಲ್ಲೇ ಇರಬೇಕು, ಕುರ್ಚಿಯಿಂದ ವಾಹನದವರೆಗಿನ ಹತ್ತು ಹೆಜ್ಜೆಯನ್ನೂ ಒಬ್ಬಳೇ ಹೋಗಬಾರದು, ಟೆಂಟಿನಲ್ಲಿ ನಿಮ್ಮಿಬ್ಬರ ನಡುವೆ ಮಲಗಬೇಕು. ರಾತ್ರಿಯ ಮೂತ್ರಕ್ಕೆ ಮುಚ್ಚಳವಿರುವ ಸಣ್ಣ ಬಕೆಟನ್ನು ಟೆಂಟಿನ ಒಳಗೇ ಇಟ್ಟುಕೊಳ್ಳಿ. ಈ ವಿಷಯವನ್ನು ಬರೆಯಲು ಎಲ್ಲರೂ ಸಂಕೋಚಪಡುತ್ತಾರೆ, ಆದರೆ ಅಲ್ಲಿ ಹೋದವರೆಲ್ಲ ಮಾಡುವುದು ಇದನ್ನೇ. ವಾಹನದ ತಲೆಯ ಮೇಲೆ ಬಿಚ್ಚಿಕೊಳ್ಳುವ ಟೆಂಟು ನೆಲದ ಟೆಂಟಿಗಿಂತ ಸುರಕ್ಷಿತವೆಂದು ಬಾಡಿಗೆಯವರು ಹೇಳುತ್ತಾರೆ. ನಡುರಾತ್ರಿ ನಿದ್ದೆಗಣ್ಣಿನ ಮಗುವನ್ನು ಏಣಿಯಿಂದ ಇಳಿಸುವ ಪ್ರಸಂಗವನ್ನು ನೆನೆದರೆ ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಇನ್ನು ಹಗಲಲ್ಲಿ ನೀರಿಗೆ ಇಳಿಯುವ ಮಾತೇ ಇಲ್ಲ, ಎಲ್ಲ ಕಡೆ ಮೊಸಳೆಗಳಿವೆ. ಚೇಳಿನ ಕಾರಣಕ್ಕೆ ಶೂಗಳನ್ನು ಕೊಡವಿ ಹಾಕಿಕೊಳ್ಳಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಒಂದು ಅನುಕೂಲವೇ ಇದೆ: ಮಾಂಸದ ವಾಸನೆ ಕ್ಯಾಂಪಿನಲ್ಲಿ ಇರುವುದಿಲ್ಲ, ಪಶುರೋಗದ ತಪಾಸಣಾ ಗೇಟುಗಳಲ್ಲಿ ಹಸಿ ಮಾಂಸವನ್ನು ಕಿತ್ತುಕೊಳ್ಳುವ ರಗಳೆಯೂ ನಿಮಗಿಲ್ಲ. ಕಾಡಿಗೆ ಹೊರಡುವ ಊರಾದ ಮಾವುನ್‌ನ ಸೂಪರ್‌ಮಾರ್ಕೆಟ್‌ಗಳಲ್ಲಿ ಅಕ್ಕಿ, ಬೇಳೆ, ಆಲೂಗಡ್ಡೆ, ಈರುಳ್ಳಿ ಸಿಗುತ್ತವೆ. ಹುಳಿಪುಡಿ, ಚಟ್ನಿಪುಡಿ, ಅವಲಕ್ಕಿ ಮತ್ತು ಒಂದು ಸಣ್ಣ ಪ್ರೆಶರ್ ಕುಕ್ಕರ್ ಮನೆಯಿಂದ ಬರಲಿ. ಅಲ್ಲಿನವರ ಬೊಗೊಬೆ ಎಂಬ ಜೋಳದ ಹಿಟ್ಟಿನ ಗಟ್ಟಿ ಅಡುಗೆಯೂ ಮೊರೊಗೊ ಎಂಬ ಸೊಪ್ಪಿನ ಪಲ್ಯವೂ ನಮ್ಮ ಮುದ್ದೆ ಮತ್ತು ಸೊಪ್ಪಿನ ಜೋಡಿಯಂತೆಯೇ ಇದ್ದು, ಅಡುಗೆಯವರನ್ನು ಕೇಳಿದರೆ ಖುಷಿಯಿಂದ ಮಾಡಿಕೊಡುತ್ತಾರೆ. ಕಿತ್ತಳೆ, ಮೂಸಂಬಿಗಳನ್ನು ಮಾತ್ರ ಒಯ್ಯಬೇಡಿ. ಅವುಗಳ ವಾಸನೆಗೆ ಆನೆ ವಾಹನದ ಕಿಟಕಿಯನ್ನೂ ಬಿಡುವುದಿಲ್ಲ. ಪಕ್ಕದ ಜಿಂಬಾಬ್ವೆಯ ಮಾನಾ ಪೂಲ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಈ ಹಣ್ಣುಗಳನ್ನು ತರುವುದನ್ನೇ ನಿಷೇಧಿಸಿದ್ದಾರೆ. ಮೊರೆಮಿಯ ಥರ್ಡ್ ಬ್ರಿಜ್ ಕ್ಯಾಂಪಿನಲ್ಲಿ ಬಬೂನ್ ಕೋತಿಗಳ ಹಾವಳಿ ಹೆಸರುವಾಸಿ. ತಿನ್ನುವ ಪದಾರ್ಥ ಯಾವುದೇ ಇರಲಿ, ಅದರ ಜಾಗ ಬೀಗ ಹಾಕಿದ ವಾಹನದ ಒಳಗೆ. ಟೆಂಟಿನಲ್ಲಿ ಮಗುವಿನ ಬಿಸ್ಕತ್ತಿನ ಪೊಟ್ಟಣವೂ ಇರಕೂಡದು.

ತಿಂಗಳ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಒಕವಾಂಗೊ ನದಿಯ ವಿಚಿತ್ರ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಅಂಗೋಲಾದ ಎತ್ತರದ ಪ್ರದೇಶದಲ್ಲಿ ಡಿಸೆಂಬರಿನಿಂದ ಮಾರ್ಚಿನವರೆಗೆ ಸುರಿದ ಮಳೆಯ ನೀರು ಸಮುದ್ರದ ಕಡೆಗೆ ಹೋಗದೆ ಕಲಹಾರಿಯ ಮರಳಿನತ್ತ ಹರಿಯುತ್ತದೆ. ಅದು ಹರಡಿಕೊಳ್ಳುವ ಮುಖಜ ಭೂಮಿಯಲ್ಲಿ (ಡೆಲ್ಟಾ) ಇಳಿಜಾರು ಇಲ್ಲವೆನ್ನುವಷ್ಟು ಕಡಿಮೆ, ದಾರಿಯುದ್ದಕ್ಕೂ ಆಪು ಹುಲ್ಲಿನ ಜವುಗು. ಹೀಗಾಗಿ ಆ ನೆರೆ ತಿಂಗಳುಗಟ್ಟಲೆ ತೆವಳಿಕೊಂಡು ಬಂದು, ಬೋಟ್ಸ್ವಾನಾದಲ್ಲಿ ಮಳೆಯ ಹನಿಯೂ ಬೀಳದ ಜೂನ್‌ನಿಂದ ಆಗಸ್ಟ್‌ವರೆಗಿನ ಚಳಿಗಾಲದಲ್ಲಿ ತುಂಬಿ ಹರಡುತ್ತದೆ. ಸುತ್ತಲಿನ ನೂರಾರು ಕಿಲೋಮೀಟರ್ ಒಣಗಿ ನಿಂತಿರುವಾಗ ಇಲ್ಲಿ ಮಾತ್ರ ನೀರು ಇರುವುದರಿಂದ ಪ್ರಾಣಿಗಳೆಲ್ಲ ಇತ್ತ ಬರುತ್ತವೆ. 2014ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸಾವಿರದ ತಾಣವಾಗಿ ಸೇರಿದ್ದು ಈ ಮುಖಜ ಭೂಮಿಯೇ. ಅದರ ಪೂರ್ವ ಭಾಗದಲ್ಲಿ ಸುಮಾರು 5,000 ಚದರ ಕಿಲೋಮೀಟರ್ ವಿಸ್ತಾರದ ಮೊರೆಮಿ ಮೀಸಲು ಪ್ರದೇಶವಿದೆ. ಬೇಟೆಯಿಂದ ಪ್ರಾಣಿಗಳು ಕಡಿಮೆಯಾಗುತ್ತಿರುವುದನ್ನು ಕಂಡು, 1963ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬರುವ ಮೊದಲೇ, ಬಟವಾನಾ ಜನಾಂಗದವರು ತಮ್ಮ ನೆಲವನ್ನೇ ಬಿಟ್ಟುಕೊಟ್ಟು ಅದನ್ನು ಸ್ಥಾಪಿಸಿದರು.

ಹೀಗಾಗಿ ಪ್ರಾಣಿಗಳನ್ನು ನೋಡಲು ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಲ ಒಳ್ಳೆಯದು. ಜೂನ್, ಜುಲೈನಲ್ಲಿ ಆಫ್ರಿಕಾದ ಕಾಡುನಾಯಿಗಳು ಮರಿ ಹಾಕಿ ಗುಹೆಯ ಆಸುಪಾಸಿನಲ್ಲೇ ಇರುವುದರಿಂದ ಅವು ಕಾಣಸಿಗುವ ಅವಕಾಶ ಹೆಚ್ಚು. ನಮ್ಮ ನಾಗರಹೊಳೆಯ ಸೀಳುನಾಯಿಗೂ ಇದಕ್ಕೂ ಬೇಟೆಯ ಕ್ರಮದಲ್ಲಿ ಹೋಲಿಕೆಯಿದ್ದರೂ ಕುಲ ಬೇರೆ. ಎರಡನ್ನೂ ನೋಡಿದವರಿಗೆ ಅದರ ಸಂತೋಷವೇ ಬೇರೆ. ಆದರೆ ನಿಮ್ಮ ಮಗಳ ಶಾಲೆಯ ರಜೆ ಏಪ್ರಿಲ್-ಮೇ ಇಲ್ಲವೇ ದಸರೆಯ ಅಕ್ಟೋಬರಿನಲ್ಲಿ ಬರುತ್ತದೆ. ಅಕ್ಟೋಬರಿನಲ್ಲಿ ಪ್ರಾಣಿಗಳು ಯಥೇಚ್ಛ, ಬಿಸಿಲು 40 ಡಿಗ್ರಿ. ಟೆಂಟಿನೊಳಗೆ ಮಧ್ಯಾಹ್ನ ಕಳೆಯುವುದು ದೊಡ್ಡವರಿಗೇ ಹಿಂಸೆ. ಮೇ ತಿಂಗಳಲ್ಲಿ ಹುಲ್ಲು ಇನ್ನೂ ಎತ್ತರವಿದ್ದು ಪ್ರಾಣಿಗಳು ಚದುರಿರುತ್ತವೆ, ಆದರೆ ಹವೆ ಹಿತ, ಜನದಟ್ಟಣೆಯೂ ಕಡಿಮೆ. ನಾನಾಗಿದ್ದರೆ ಒಂದೆರಡು ಸಿಂಹ ಕಡಿಮೆ ಕಂಡರೂ ಸರಿ, ಮೇ ತಿಂಗಳನ್ನೇ ಆರಿಸುತ್ತೇನೆ. ಆಗಲೂ ಬೆಳಗಿನ ತೆರೆದ ವಾಹನದಲ್ಲಿ ಸ್ವೆಟರ್, ಉಣ್ಣೆಯ ಟೋಪಿ ಬೇಕೇ ಬೇಕು; ಜೂನ್ ದಾಟಿದರೆ ಮುಂಜಾವಿನ ಉಷ್ಣಾಂಶ 5 ಡಿಗ್ರಿಯ ಹತ್ತಿರ ಇಳಿಯುವುದುಂಟು.

ಈಗ ವಾಹನದ ಮಾತು. ಅಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯಲ್ಲೇ ಚಲಿಸುತ್ತಾರೆ, ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಪರವಾನಗಿ ಸಾಕು, ಇದನ್ನೆಲ್ಲ ನೋಡಿ ಸುಲಭವೆಂದು ತೋರುತ್ತದೆ. ಆದರೆ ಮಾವುನ್‌ನಿಂದ ಮೊರೆಮಿ, ಸವೂಟಿ ಮಾರ್ಗವಾಗಿ ಈಶಾನ್ಯ ಮೂಲೆಯ ಊರಾದ ಕಸಾನೆ ತಲುಪುವವರೆಗೆ ಪೆಟ್ರೋಲ್ ಬಂಕ್ ಇಲ್ಲ, ಬಹುಪಾಲು ದಾರಿಯಲ್ಲಿ ಮೊಬೈಲ್ ಸಿಗ್ನಲ್ಲೂ ಇಲ್ಲ. ಸವೂಟಿಯ ಸುತ್ತ ಆಳವಾದ ಮರಳು. ಟೈರಿನ ಗಾಳಿಯನ್ನು 23 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಫೋರ್ ವೀಲ್ ಹಾಕಿ, ನಿಲ್ಲದೆ ಸಾಗಬೇಕು. ದಾರಿಯಲ್ಲಿ ಸಿಗುವ ಮಬಾಬೆ ತಗ್ಗಿನಲ್ಲಿ ಇರುವುದು ಎರೆಮಣ್ಣು. ಮಳೆ ಬಿದ್ದಾಗ ಅದರಲ್ಲಿ ಚಕ್ರದ ಗತಿ ಏನಾಗುತ್ತದೆಂದು ಧಾರವಾಡ, ಗದಗದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆರೆಯ ನೀರು ದಾರಿಯನ್ನು ಮುಳುಗಿಸಿದ ಕಡೆ, ಆಳ ಗೊತ್ತಿಲ್ಲದ, ಮೊಸಳೆ ಇರಬಹುದಾದ ನೀರನ್ನು ದಾಟಬೇಕೋ ಬೇಡವೋ ಎಂದು ನೀವೇ ತೀರ್ಮಾನಿಸಬೇಕು. ಹಿಂದಿನ ಸೀಟಿನಲ್ಲಿ ಮಗು ಇರುವಾಗ ಈ ತೀರ್ಮಾನಗಳ ಭಾರ ಬೇರೆಯೇ ಇರುತ್ತದೆ.

ಇದಕ್ಕೆ ಬದಲು ಮಾವುನ್‌ನಿಂದ ಹೊರಡುವ ಸಂಚಾರಿ ಕ್ಯಾಂಪಿನ ಸಫಾರಿಯನ್ನು ಕಾದಿರಿಸಿ. ಪರವಾನಗಿಯುಳ್ಳ ಮಾರ್ಗದರ್ಶಕನೇ ವಾಹನ ಓಡಿಸುತ್ತಾನೆ, ಅಡುಗೆಯವರು ಮತ್ತು ಸಹಾಯಕರು ಮುಂದೆ ಹೋಗಿ ಟೆಂಟ್ ಹಾಕಿರುತ್ತಾರೆ, ಮರಕ್ಕೆ ತೂಗುಹಾಕಿದ ಬಕೆಟಿನಲ್ಲಿ ಬಿಸಿನೀರು ಸಿಗುತ್ತದೆ. ಮಲಗುವುದು ಅದೇ ಬೇಲಿಯಿಲ್ಲದ ಕಾಡಿನಲ್ಲಿ, ಕೇಳುವುದು ಅದೇ ಸಿಂಹದ ದನಿ. ಆದರೆ ಆ ದನಿ ಎಷ್ಟು ದೂರದ್ದೆಂದು ಹೇಳಬಲ್ಲವರು ಪಕ್ಕದಲ್ಲಿರುತ್ತಾರೆ. ಅನೇಕ ಸಂಸ್ಥೆಗಳು ಇತರ ಪ್ರವಾಸಿಗರ ಜೊತೆಗಿನ ಗುಂಪಿಗೆ ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವುದಿಲ್ಲ, ನಿಮ್ಮ ಕುಟುಂಬಕ್ಕೇ ಪ್ರತ್ಯೇಕವಾಗಿ ಕಾದಿರಿಸಿದರೆ ಒಪ್ಪುತ್ತವೆ. ಖರ್ಚು ಬಹಳ, ಬೋಟ್ಸ್ವಾನಾ ಸರಕಾರವು ಕಡಿಮೆ ಜನ, ಹೆಚ್ಚು ದರ ಎಂಬ ನೀತಿಯನ್ನೇ ಇಟ್ಟುಕೊಂಡಿದೆ. ಅಷ್ಟು ಹಣ ಕಷ್ಟವೆನಿಸಿದರೆ ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನದಲ್ಲಿ ಸಟಾರಾ, ಲೋವರ್ ಸಾಬಿಯಂಥ ಬೇಲಿಯೊಳಗಿನ ಕ್ಯಾಂಪುಗಳಿವೆ. ಡಾಂಬರು ರಸ್ತೆಯಲ್ಲಿ ಸಾಧಾರಣ ಕಾರನ್ನೇ ಓಡಿಸಿಕೊಂಡು ಟೆಂಟಿನಲ್ಲಿ ತಂಗಬಹುದು. ಅದನ್ನು ಕೀಳೆಂದು ಕಾಣುವವರ ಮಾತಿಗೆ ಕಿವಿಗೊಡಬೇಡಿ.

ಆರೋಗ್ಯದ ಸಿದ್ಧತೆಯಲ್ಲಿ ಎರಡು ವಿಷಯ. ಉತ್ತರ ಬೋಟ್ಸ್ವಾನಾದಲ್ಲಿ ಮಲೇರಿಯಾ ಇದೆ, ಮೇ ತಿಂಗಳಲ್ಲೂ ಅದರ ಭಯ ಇದ್ದೇ ಇದೆ. ದೊಡ್ಡವರಿಗೆ ಸಾಮಾನ್ಯವಾಗಿ ಬರೆದುಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಎಂಟು ವರ್ಷದೊಳಗಿನ ಮಕ್ಕಳಿಗೆ ಮಲೇರಿಯಾ ತಡೆಗೆಂದು ಕೊಡುವುದಿಲ್ಲವಾದ್ದರಿಂದ ಮಗಳಿಗೆ ಬೇರೆ ಔಷಧ ಬೇಕಾಗುತ್ತದೆ. ಮಕ್ಕಳ ವೈದ್ಯರನ್ನು ಮುಂಚೆಯೇ ಕಾಣಿ. ಎರಡನೆಯದು ಹಳದಿ ಜ್ವರದ ಲಸಿಕೆ. ಬೋಟ್ಸ್ವಾನಾದಲ್ಲಿ ಆ ಜ್ವರವಿಲ್ಲ, ಆದರೆ ವಿಮಾನ ಬದಲಿಸುವ ನೈರೋಬಿ, ಅಡಿಸ್ ಅಬಾಬಾಗಳು ಆ ಜ್ವರದ ದೇಶಗಳಲ್ಲಿವೆ. ಅಲ್ಲಿ ತಂಗುವಿರಾದರೆ ಪ್ರಮಾಣಪತ್ರವಿಲ್ಲದೆ ಮರಳಿದವರನ್ನು ಭಾರತದಲ್ಲಿ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ, ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನದ ನಂತರ. ತುರ್ತು ಚಿಕಿತ್ಸೆಗೆ ವಿಮಾನದಲ್ಲಿ ಸಾಗಿಸುವ ವೆಚ್ಚವನ್ನು ಭರಿಸುವ ವಿಮೆಯೂ, ಮಗಳ ಜನನ ಪ್ರಮಾಣಪತ್ರವೂ ಜೊತೆಗಿರಲಿ.

ಕೊನೆಯದಾಗಿ, ನೀವು ಬರೆದಿರುವ ಕಾರ್ಯಕ್ರಮದಲ್ಲಿ ಪ್ರತಿ ರಾತ್ರಿಯೂ ಬೇರೆ ಕ್ಯಾಂಪು ಇದೆ. ಅದನ್ನು ಬದಲಾಯಿಸಿ. ಮೊರೆಮಿಯ ಒಳಗೆ ಒಂದು ಕಡೆ ಮೂರು ರಾತ್ರಿ, ಖ್ವಾಯ್ ನದಿಯ ದಡದಲ್ಲಿ ಮೂರು ರಾತ್ರಿ ಇದ್ದರೆ ಸಾಕು. ಕಸಾನೆಯ ಪಕ್ಕದ ಚೋಬೆ ನದಿಯನ್ನು ನೋಡಲೇಬೇಕೆನಿಸಿದರೆ ಸವೂಟಿಯ ಮರಳಿನ ದಾರಿಯನ್ನು ಬಿಟ್ಟು ಮಾವುನ್‌ನಿಂದ ಸಣ್ಣ ವಿಮಾನದಲ್ಲಿ ಕಸಾನೆಗೆ ಹೋಗಿ, ಕಡೆಯ ಎರಡು ರಾತ್ರಿ ಗೋಡೆಯಿರುವ ಲಾಡ್ಜಿನಲ್ಲಿ ಉಳಿದು ದೋಣಿಯಿಂದ ಆನೆಗಳನ್ನು ನೋಡಿ. ಕ್ಯಾಂಪುಗಳು ತಿಂಗಳುಗಳ ಮೊದಲೇ ತುಂಬಿಹೋಗುವುದರಿಂದ, ಮೇ ತಿಂಗಳಿಗೆ ಹೋಗುವುದಾದರೆ ಈಗಲೇ ಬರೆದು ಕೇಳಬೇಕು. ಕೇಳುವಾಗ ಮಗುವಿನ ವಯಸ್ಸನ್ನೂ ಸಸ್ಯಾಹಾರವನ್ನೂ ಮೊದಲ ಪತ್ರದಲ್ಲೇ ತಿಳಿಸಿ.