ಪಾತ್ರೆ ಪಡಗವೂ ಸರ್ಕಾರದ್ದಾ?

ಕಮ್ಯುನಿಸಂ ಬಂದರೆ ಮನೆಯ ಪಾತ್ರೆ ಪಡಗವೂ ಸರ್ಕಾರದ್ದಾಗುತ್ತಾ ಅಂತ ಕೇಳಿದ್ದೀರಿ. ಮಾರ್ಕ್ಸ್ ಹೇಳಿದ್ದು ಹಾಗಲ್ಲ. ಮನೆ ಸಾಮಾನು ನಿಮ್ಮದೇ. ಜಮೀನು, ಕಾರ್ಖಾನೆ, ಗಣಿ ಥರ ಬೇರೆಯವರನ್ನು ದುಡಿಸಿ ಲಾಭ ತೆಗೆಯುವಂಥವು ಮಾತ್ರ ಎಲ್ಲರದ್ದಾಗಬೇಕು, ಕೊನೆಗೆ ಸರ್ಕಾರವೇ ಬೇಡವಾಗುತ್ತದೆ ಅನ್ನೋದು ಅವರ ಲೆಕ್ಕ.

ಆದರೆ 1958ರ ಚೀನಾ ನೋಡಿ. ಊಟಕ್ಕೆ ಕಮ್ಯೂನಿನ (ಹಳ್ಳಿಗಳನ್ನು ಕೂಡಿಸಿ ಮಾಡಿದ ಸಾಮೂಹಿಕ ಘಟಕ) ಅಡುಗೆಮನೆ ಇದೆಯಲ್ಲ, ಮನೆಯಲ್ಲಿ ಬಾಣಲೆ ಯಾಕೆ ಅಂತ ಅದನ್ನೂ ಹಿತ್ತಲ ಕುಲುಮೆಗೆ ಹಾಕಿ ಕರಗಿಸಿದರು, ಉಕ್ಕು ಮಾಡೋಕೆ! ಬಂದಿದ್ದು ಬಹುಪಾಲು ಕೆಲಸಕ್ಕೆ ಬಾರದ ಕಬ್ಬಿಣ. ಬೆಳೆ ಲೆಕ್ಕವನ್ನು ಮೇಲಿನವರಿಗೆ ಜಾಸ್ತಿ ತೋರಿಸಿದರು, ಆ ಲೆಕ್ಕದ ಮೇಲೆ ಸರ್ಕಾರ ಧಾನ್ಯವನ್ನೂ ಒಯ್ದಿತು, ಕೋಟಿಗಟ್ಟಲೆ ಜನ ಹಸಿವಿನಿಂದ ಸತ್ತರು. ಎದುರು ಮಾತಾಡೋಕೆ ಜಾಗವೇ ಇರಲಿಲ್ಲ, ನನ್ನ ಪ್ರಕಾರ ಎಡವಟ್ಟಾಗಿದ್ದು ಅಲ್ಲೇ. ಕೊನೆಗೆ 1978ರಲ್ಲಿ ಅದೇ ಚೀನಾದ ಶಿಯಾಗಾಂಗ್ ಹಳ್ಳಿಯ 18 ರೈತರು ಗುಟ್ಟಾಗಿ ಹೆಬ್ಬೆಟ್ಟು ಒತ್ತಿ, ಎಲ್ಲರದ್ದಾಗಿದ್ದ ಜಮೀನನ್ನು ಮನೆಮನೆಗೆ ಹಂಚಿಕೊಂಡರು.